ಸುಂಟರಗಾಳಿಯ ಬೆನ್ನು ಹತ್ತಿದ ಟಿಮ್ ಸಮರಾಸ್

ಆಕಾಶದಲ್ಲಿ ಕಪ್ಪು ಮೋಡ ಕವಿದು ಗಾಳಿ ಬೀಸತೊಡಗಿದರೆ ನಾವೇನು ಮಾಡುತ್ತೇವೆ? ಅಂಗಳದಲ್ಲಿ ಒಣಗಲು ಹಾಕಿದ ಬಟ್ಟೆ, ಹಪ್ಪಳ, ಮೆಣಸನ್ನೆಲ್ಲ ಬಾಚಿಕೊಂಡು ಒಳಗೆ ಓಡುತ್ತೇವೆ. ಆಟವಾಡುತ್ತಿರುವ ಮಕ್ಕಳನ್ನು ಕೂಗಿ ಕರೆಯುತ್ತೇವೆ. ಕಿಟಕಿ ಬಾಗಿಲು ಮುಚ್ಚಿ, ಹೊರಗೆ ಹೋದವರು ಕ್ಷೇಮವಾಗಿ ಮನೆ ಸೇರಲೆಂದು ದುಆ ಮಾಡುತ್ತೇವೆ. ಗಾಳಿಯಿಂದ ದೂರ ಸರಿಯುವುದು ಮನುಷ್ಯನ ಸಹಜ ಗುಣ.

ಆದರೆ ಸಹೋದರಿಯರೇ, ಎಲ್ಲಿ ಬಿರುಗಾಳಿ ಏಳಲಿದೆ ಎಂದು ಬೆಳಗ್ಗೆಯೇ ಲೆಕ್ಕ ಹಾಕಿ, ಕಾರು ಹತ್ತಿ ಅದರ ಕಡೆಗೇ ಹೋಗುವ ಜನರೂ ಇದ್ದಾರೆ. ಅಮೆರಿಕದಲ್ಲಿ ಅವರನ್ನು ‘ಸ್ಟಾರ್ಮ್ ಚೇಸರ್’ ಎನ್ನುತ್ತಾರೆ. ಅಂದರೆ ಬಿರುಗಾಳಿಯ ಬೆನ್ನಟ್ಟುವವರು. ಅವರಲ್ಲಿ ಕೆಲವರು ಮೋಜಿಗಾಗಿ ಹೋಗುತ್ತಾರೆ, ಕೆಲವರು ವೀಡಿಯೊ ಮಾರಿ ಹಣ ಗಳಿಸಲು ಹೋಗುತ್ತಾರೆ. ಗಾಳಿಯ ಒಳಗುಟ್ಟನ್ನು ಅರಿತರೆ ನಾಲ್ಕು ಜೀವ ಉಳಿದೀತು ಎಂದು ಹೋಗುವವರು ಕೆಲವರೇ. ಈ ಕೊನೆಯ ಸಾಲಿಗೆ ಸೇರಿದವರು ಟಿಮ್ ಸಮರಾಸ್. 2013ರ ಮೇ 31ರಂದು, ತಮ್ಮ 55ನೆಯ ವಯಸ್ಸಿನಲ್ಲಿ, ಅವರು ಓಕ್ಲಹೋಮ ರಾಜ್ಯದ ಎಲ್ ರಿನೋ ಪಟ್ಟಣದ ಹೊರವಲಯದಲ್ಲಿ ತೀರಿಕೊಂಡರು. ಅವರೊಡನೆ 24 ವರ್ಷದ ಮಗ ಪಾಲ್ ಹಾಗೂ 45 ವರ್ಷದ ಸಂಗಡಿಗ ಕಾರ್ಲ್ ಯಂಗ್ ಕೂಡ ತೀರಿಕೊಂಡರು.

ಅವರ ಬದುಕನ್ನು ಅರಿಯಬೇಕಾದರೆ ಅವರು ಓಡಾಡಿದ ನೆಲವನ್ನು ಅರಿಯಬೇಕು. ಬನ್ನಿ, ಮಕ್ಕಳ ಭೂಪಟದ ಪುಸ್ತಕವೊಂದನ್ನು ಎದುರಿಗಿಟ್ಟುಕೊಂಡು ಆ ದಾರಿಯಲ್ಲಿ ಒಮ್ಮೆ ಹೋಗಿಬರೋಣ.

ಕೆಂಪು ಮಣ್ಣಿನ ನಾಡು

ಟೆಕ್ಸಾಸ್ ರಾಜ್ಯದ ಡಲ್ಲಾಸ್ ನಗರದಲ್ಲಿ ನಮ್ಮ ಕನ್ನಡಿಗರು ಬಹಳಷ್ಟು ಮಂದಿ ಇದ್ದಾರೆ. ನಿಮ್ಮ ನೆಂಟರಿಷ್ಟರಲ್ಲಿಯೂ ಯಾರಾದರೂ ಇರಬಹುದು. ಅಲ್ಲಿಂದ ಹೆದ್ದಾರಿ ಹಿಡಿದು ನೇರ ಉತ್ತರಕ್ಕೆ ಹೊರಟರೆ ರೆಡ್ ರಿವರ್ ಎಂಬ ನದಿ ಸಿಗುತ್ತದೆ. ಹೆಸರಿಗೆ ತಕ್ಕಂತೆ ಕೆಂಪು ನೀರಿನ ನದಿ. ಅದನ್ನು ದಾಟಿದರೆ ಓಕ್ಲಹೋಮ. ಮಣ್ಣೂ ಕೆಂಪು. ನಮ್ಮ ಕರಾವಳಿಯ ಮುರಕಲ್ಲಿನ ನೆಲ ಕಂಡವರಿಗೆ ಆ ಬಣ್ಣ ಹೊಸದಲ್ಲ. ಆದರೆ ನಮ್ಮಲ್ಲಿರುವ ಗುಡ್ಡ, ತೋಟ, ಕಣಿವೆಗಳು ಅಲ್ಲಿ ವಿರಳ. ಕಣ್ಣು ಹಾಯಿಸಿದಷ್ಟು ದೂರ ಗೋಧಿಯ ಹೊಲ, ಹುಲ್ಲುಗಾವಲು ಮತ್ತು ಮೇಲೆ ವಿಶಾಲವಾದ ಆಕಾಶ.

ಓಕ್ಲಹೋಮ ಎಂಬ ಹೆಸರು ಚಾಕ್ಟಾ ಎಂಬ ಮೂಲನಿವಾಸಿಗಳ ಭಾಷೆಯದು. ಕೆಂಪು ಜನರು ಎಂದು ಅದರ ಅರ್ಥ. 1830ರ ದಶಕದಲ್ಲಿ ಪೂರ್ವದ ರಾಜ್ಯಗಳಲ್ಲಿದ್ದ ಹಲವು ಬುಡಕಟ್ಟುಗಳನ್ನು ಅವರ ನೆಲದಿಂದ ಬಲವಂತವಾಗಿ ಹೊರಗಟ್ಟಿ ಇಲ್ಲಿಗೆ ಅಟ್ಟಲಾಯಿತು. ದಾರಿಯಲ್ಲಿ ಹಸಿವು, ಚಳಿ, ರೋಗಗಳಿಂದ ಸಾವಿರಾರು ಜನ ಸತ್ತರು. ಆ ನೋವಿನ ಚರಿತ್ರೆ ಆ ರಾಜ್ಯದ ಹೆಸರಿನಲ್ಲೇ ಉಳಿದುಕೊಂಡಿದೆ.

ಈ ಬಯಲಿನ ಮೇಲೆ ಮೂರು ಬಗೆಯ ಗಾಳಿಗಳು ಕೂಡುತ್ತವೆ. ದಕ್ಷಿಣದ ಮೆಕ್ಸಿಕೋ ಕೊಲ್ಲಿಯಿಂದ ಬಿಸಿಯಾದ, ನೀರಾವಿ ತುಂಬಿದ ಗಾಳಿ ಬರುತ್ತದೆ. ನೈಋತ್ಯದ ಮರುಭೂಮಿಯ ಕಡೆಯಿಂದ ಒಣಗಾಳಿ ಬರುತ್ತದೆ. ರಾಕಿ ಪರ್ವತಗಳನ್ನು ದಾಟಿ ಎತ್ತರದಲ್ಲಿ ತಂಪಾದ ವೇಗದ ಗಾಳಿ ಹರಿಯುತ್ತದೆ. ಕೆಳಗಿನ ಬಿಸಿಗಾಳಿ ಮೇಲಕ್ಕೆ ನುಗ್ಗಿದಾಗ ಆಕಾಶದಲ್ಲಿ ಹತ್ತು ಹದಿನೈದು ಕಿಲೋಮೀಟರ್ ಎತ್ತರದ ಗುಡುಗು ಮೋಡ ಏಳುತ್ತದೆ. ನೆಲದ ಹತ್ತಿರ ಗಾಳಿ ಒಂದು ದಿಕ್ಕಿಗೆ, ಮೇಲೆ ಇನ್ನೊಂದು ದಿಕ್ಕಿಗೆ ಬೀಸುವುದರಿಂದ ಆ ಮೋಡ ಇಡೀ ತಿರುಗತೊಡಗುತ್ತದೆ. ಹೀಗೆ ತಿರುಗುವ ಕೆಲವು ಮೋಡಗಳ ಕೆಳಗೆ, ಆನೆಯ ಸೊಂಡಿಲಿನಂತೆ ನೆಲ ಮುಟ್ಟುವ ಗಾಳಿಯ ಕಂಬವೇ ಸುಂಟರಗಾಳಿ. ಅದನ್ನೇ ಟೊರ್ನಾಡೊ ಎನ್ನುತ್ತಾರೆ. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 1,200 ಸುಂಟರಗಾಳಿಗಳು ಏಳುತ್ತವೆ. ಬಹುತೇಕ ಚಿಕ್ಕವು. ಕೆಲವು ಮಾತ್ರ ಊರನ್ನೇ ಅಳಿಸಿಬಿಡುತ್ತವೆ.

ಇದನ್ನು ನಮ್ಮ ಚಂಡಮಾರುತದೊಡನೆ ಬೆರೆಸಬಾರದು. 2021ರ ಮೇ ತಿಂಗಳಲ್ಲಿ ‘ತೌಕ್ತೆ’ ಚಂಡಮಾರುತ ನಮ್ಮ ಕರಾವಳಿಯ ಆಚೆ ಸಾಗಿದಾಗ ಮಂಗಳೂರು, ಉಡುಪಿಯ ಕಡಲತೀರದ ಮನೆಗಳು ಕಡಲ ಪಾಲಾದುದನ್ನು ನಾವು ಕಂಡಿದ್ದೇವೆ. ಅಂತಹ ಚಂಡಮಾರುತ ನೂರಾರು ಕಿಲೋಮೀಟರ್ ಅಗಲವಿರುತ್ತದೆ, ದಿನಗಟ್ಟಲೆ ಮೊದಲೇ ಮುನ್ಸೂಚನೆ ಸಿಗುತ್ತದೆ. ಸುಂಟರಗಾಳಿ ಹಾಗಲ್ಲ. ಹೆಚ್ಚಾಗಿ ಕೆಲವು ನೂರು ಮೀಟರ್ ಅಗಲ, ಕೆಲವು ನಿಮಿಷಗಳ ಆಯುಷ್ಯ. ಅದರ ಎಚ್ಚರಿಕೆ ಸಿಗುವುದೂ ನಿಮಿಷಗಳ ಲೆಕ್ಕದಲ್ಲಿ. ಒಲೆಯ ಮೇಲೆ ಅನ್ನಕ್ಕಿಟ್ಟ ನೀರು ಕುದಿಯುವಷ್ಟು ಸಮಯದಲ್ಲಿ ಮಕ್ಕಳು ಮರಿಗಳನ್ನೆಲ್ಲ ಒಟ್ಟುಗೂಡಿಸಿ ಅಡಗಬೇಕು. ಆ ಕೆಲವು ನಿಮಿಷಗಳ ಬೆಲೆ ಎಷ್ಟೆಂದು ತಾಯಂದಿರಿಗೆ ಹೇಳಬೇಕಾಗಿಲ್ಲ.

ಮೂರ್ ಎಂಬ ಊರು

ಹೆದ್ದಾರಿಯಲ್ಲಿ ಮುಂದೆ ಸಾಗಿದರೆ ನಾರ್ಮನ್ ಎಂಬ ಪಟ್ಟಣ ಸಿಗುತ್ತದೆ. ಓಕ್ಲಹೋಮ ವಿಶ್ವವಿದ್ಯಾನಿಲಯ ಇರುವುದು ಇಲ್ಲಿಯೇ. ಇಡೀ ಅಮೆರಿಕಕ್ಕೆ ಸುಂಟರಗಾಳಿಯ ಮುನ್ಸೂಚನೆ ನೀಡುವ ಕೇಂದ್ರವೂ ಇಲ್ಲಿದೆ. ಅದರ ಪಕ್ಕದ ಊರೇ ಮೂರ್. ಸುಂಟರಗಾಳಿಯ ಚರಿತ್ರೆಯಲ್ಲಿ ಮತ್ತೆ ಮತ್ತೆ ಕೇಳಿಬರುವ ಹೆಸರಿದು. 1999, 2003, 2013, ಹೀಗೆ ಗಾಳಿ ಮತ್ತೆ ಮತ್ತೆ ಆ ಊರಿನ ಮೇಲೆರಗಿತು.

2013ರ ಮೇ 20ರಂದು ಎದ್ದ ಗಾಳಿಗೆ ಇಲ್ಲಿ 24 ಮಂದಿ ಬಲಿಯಾದರು. ಅವರಲ್ಲಿ ಏಳು ಮಂದಿ ಪ್ಲಾಜಾ ಟವರ್ಸ್ ಎಂಬ ಪ್ರಾಥಮಿಕ ಶಾಲೆಯ ಮಕ್ಕಳು. ಅಧ್ಯಾಪಿಕೆಯರು ಮಕ್ಕಳನ್ನು ಗೋಡೆಯ ಬದಿಗೆ ಕುಳ್ಳಿರಿಸಿ, ತಾವು ಅವರ ಮೇಲೆ ಬಾಗಿ ತಮ್ಮ ಬೆನ್ನನ್ನೇ ಮಾಡು ಮಾಡಿಕೊಂಡರು. ಹಾಗೆ ಹಲವು ಮಕ್ಕಳು ಉಳಿದರು. ತರಗತಿಯಲ್ಲಿ ಮಕ್ಕಳ ಎದುರು ನಿಲ್ಲುವ ನನ್ನಂಥವರಿಗೆ ಈ ಘಟನೆಯನ್ನು ಓದಿ ಮುಗಿಸುವುದೇ ಕಷ್ಟ. ಶಾಲೆಯನ್ನು ಮತ್ತೆ ಕಟ್ಟುವಾಗ ಒಳಗೆ ಬಲವಾದ ಆಸರೆಯ ಕೋಣೆಗಳನ್ನು ಮಾಡಿದರು. 2014ರಲ್ಲಿ ಆ ಊರಿನ ಆಡಳಿತವು ಹೊಸ ಮನೆಗಳು ಗಂಟೆಗೆ 135 ಮೈಲು, ಅಂದರೆ ಸುಮಾರು 217 ಕಿಲೋಮೀಟರ್ ವೇಗದ ಗಾಳಿಯನ್ನು ತಡೆಯುವಂತಿರಬೇಕು ಎಂಬ ನಿಯಮ ತಂದಿತು.

ಈಗ ಒಂದು ಪ್ರಶ್ನೆ. ಮನೆ ಎಷ್ಟು ಗಟ್ಟಿಯಾಗಿರಬೇಕು ಎಂದು ಹೇಳಬೇಕಾದರೆ ಸುಂಟರಗಾಳಿಯೊಳಗೆ, ಅದೂ ನೆಲಕ್ಕೆ ಹತ್ತಿರದಲ್ಲಿ, ಮನೆಯ ಬಾಗಿಲಿನ ಎತ್ತರದಲ್ಲಿ ಗಾಳಿ ಎಷ್ಟು ಬಲವಾಗಿರುತ್ತದೆ ಎಂದು ಗೊತ್ತಿರಬೇಕಲ್ಲವೇ? ರಾಡಾರ್ ಎಂಬ ಉಪಕರಣ ದೂರದಿಂದ ಮೋಡದ ಒಳಗನ್ನು ನೋಡಬಲ್ಲದು. ಆದರೆ ಅದರ ಕಿರಣ ಸಾಮಾನ್ಯವಾಗಿ ನೆಲದಿಂದ ಬಹಳ ಮೇಲೆ ಹಾದುಹೋಗುತ್ತದೆ. ಮನೆಗಳಿರುವುದು, ಮನುಷ್ಯರಿರುವುದು ನೆಲದ ಮೇಲೆ. ಅಲ್ಲಿಯ ಲೆಕ್ಕವೇ ವಿಜ್ಞಾನಿಗಳ ಕೈಗೆ ಸಿಕ್ಕಿರಲಿಲ್ಲ. 1980ರ ದಶಕದಲ್ಲಿ ಅಮೆರಿಕದ ಸರಕಾರಿ ವಿಜ್ಞಾನಿಗಳು ಪೀಪಾಯಿಯಂಥ ಒಂದು ಭಾರೀ ಉಪಕರಣವನ್ನು ವಾಹನದಲ್ಲಿ ಹೊತ್ತು ಸುಂಟರಗಾಳಿಯ ದಾರಿಯಲ್ಲಿಡಲು ಕೆಲವು ವರ್ಷ ಪ್ರಯತ್ನಿಸಿದರು. ಅದಕ್ಕೆ ‘ಟೋಟೋ’ ಎಂದು ಹೆಸರು. ಗಾಳಿ ನೇರವಾಗಿ ಅದರ ಮೇಲೆ ಹಾದುಹೋಗಲೇ ಇಲ್ಲ. ಕೊನೆಗೆ ಅದನ್ನು ಕೈಬಿಟ್ಟರು. ಅವರು ಕೈಬಿಟ್ಟ ಕೆಲಸವನ್ನು ಮುಂದೆ ಕೈಗೆತ್ತಿಕೊಂಡವರಲ್ಲಿ ಟಿಮ್ ಸಮರಾಸ್ ಒಬ್ಬರು. ಅವರಲ್ಲಿ ಕಾಲೇಜಿನ ಪದವಿ ಇರಲಿಲ್ಲ.

ಟಿ.ವಿ. ಬಿಚ್ಚುತ್ತಿದ್ದ ಹುಡುಗ

ಟಿಮ್ ಹುಟ್ಟಿದ್ದು 1957ರ ನವೆಂಬರ್ 12ರಂದು, ಕೊಲೊರಾಡೋ ರಾಜ್ಯದ ಲೇಕ್‌ವುಡ್‌ನಲ್ಲಿ. ಸುಮಾರು ಆರು ವರ್ಷದವರಿದ್ದಾಗ ಟಿ.ವಿ.ಯಲ್ಲಿ ‘ದಿ ವಿಝರ್ಡ್ ಆಫ್ ಓಝ್’ ಎಂಬ ಹಳೆಯ ಚಲನಚಿತ್ರ ನೋಡಿದರು. ಅದರಲ್ಲಿ ಒಬ್ಬಳು ಹುಡುಗಿಯ ಮನೆಯನ್ನು ಸುಂಟರಗಾಳಿ ಎತ್ತಿಕೊಂಡು ಹೋಗುತ್ತದೆ. ಆ ಗಾಳಿಯ ದೃಶ್ಯವೇ ಪುಟ್ಟ ಟಿಮ್‌ನ ಮನಸ್ಸನ್ನು ಹಿಡಿಯಿತು.

ಆ ಹುಡುಗನಿಗೆ ಇನ್ನೊಂದು ಗೀಳೂ ಇತ್ತು. ಕೈಗೆ ಸಿಕ್ಕ ಯಂತ್ರವನ್ನು ಬಿಚ್ಚುವುದು. ನಮ್ಮ ಮನೆಗಳಲ್ಲಿಯೂ ಅಂಥ ಮಕ್ಕಳಿರುತ್ತಾರೆ. ಗಡಿಯಾರ ಬಿಚ್ಚಿ, ಟಾರ್ಚು ಬಿಚ್ಚಿ ಉಮ್ಮನಿಂದ ಬೈಗುಳ ತಿನ್ನುತ್ತಾರೆ. ಟಿಮ್ ತನ್ನ ಕೋಣೆಯಲ್ಲಿ ಹಳೆಯ ಟಿ.ವಿ.ಗಳನ್ನು ಬಿಚ್ಚಿ, ಅವುಗಳ ಭಾಗಗಳಿಂದ ರೇಡಿಯೋ ಪ್ರಸಾರ ಯಂತ್ರ ಕಟ್ಟಿದ. ಹನ್ನೆರಡನೆಯ ವಯಸ್ಸಿಗೆ ಹವ್ಯಾಸಿ ರೇಡಿಯೋ ಪ್ರಸಾರಕನಾದ. ಹದಿನಾರಕ್ಕೆ ರೇಡಿಯೋ ರಿಪೇರಿಯ ಕೆಲಸ, ಹದಿನೇಳಕ್ಕೆ ಅದೇ ಅಂಗಡಿಯಲ್ಲಿ ಮೇಸ್ತ್ರಿ. ಹೈಸ್ಕೂಲು ಮುಗಿದ ಕೂಡಲೇ ಡೆನ್ವರ್ ವಿಶ್ವವಿದ್ಯಾನಿಲಯದ ಸಂಶೋಧನಾ ಸಂಸ್ಥೆಗೆ ಹೋಗಿ ಕೆಲಸ ಕೇಳಿದರು, ಸಿಕ್ಕಿತು. ಸ್ಫೋಟಗಳನ್ನು ಪರೀಕ್ಷಿಸುವುದು, ಅದರ ಒತ್ತಡವನ್ನು ಅಳೆಯುವ ಉಪಕರಣ ಕಟ್ಟುವುದು, ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ನಡೆದು ಮುಗಿಯುವುದನ್ನು ಅತಿವೇಗದ ಕ್ಯಾಮೆರಾದಲ್ಲಿ ಹಿಡಿಯುವುದು ಅವರ ಉದ್ಯೋಗವಾಯಿತು.

ಈ ಉದ್ಯೋಗದ ವಿದ್ಯೆಯೇ ಮುಂದೆ ಸುಂಟರಗಾಳಿಯ ಕೆಲಸಕ್ಕೆ ಒದಗಿತು. ಸ್ಫೋಟದ ನಡುವೆ ಉಳಿಯುವ ಉಪಕರಣ ಕಟ್ಟಬಲ್ಲವನು ಸುಂಟರಗಾಳಿಯ ನಡುವೆ ಉಳಿಯುವುದನ್ನೂ ಕಟ್ಟಬಲ್ಲನಲ್ಲವೇ? ಅವರು ಕಟ್ಟಿದ್ದು ಸುಮಾರು 20 ಕಿಲೋ ತೂಕದ, ಒಂದು ಗೇಣಿಗಿಂತಲೂ ತಗ್ಗಾದ ಲೋಹದ ಶಂಕು. ದೋಸೆಯ ಕಾವಲಿಯ ಮೇಲೆ ಮುಚ್ಚುವ ಮುಚ್ಚಳವನ್ನು ನೆನಪಿಸಿಕೊಳ್ಳಿ, ಹೆಚ್ಚು ಕಡಿಮೆ ಅದೇ ಆಕಾರ. ಅದಕ್ಕೆ ‘ಆಮೆ’ ಎಂದೇ ಅಡ್ಡಹೆಸರು. ಪೀಪಾಯಿಯನ್ನು ಗಾಳಿ ಉರುಳಿಸುತ್ತದೆ, ಆದರೆ ಈ ತಗ್ಗಾದ ಶಂಕುವಿನ ಮೇಲೆ ಗಾಳಿ ಬೀಸಿದರೆ ಅದನ್ನು ನೆಲಕ್ಕೇ ಒತ್ತುತ್ತದೆ. ಒಳಗೆ ಗಾಳಿಯ ಒತ್ತಡ, ಉಷ್ಣತೆ, ತೇವಾಂಶ ಬರೆದಿಡುವ ಯಂತ್ರಗಳಿದ್ದವು.

ಉಳಿದ ಕಷ್ಟವೆಂದರೆ ಅದನ್ನು ಗಾಳಿ ಬರುವ ದಾರಿಯಲ್ಲಿ ಇಡುವುದು. ಅದಕ್ಕೆ ಮನುಷ್ಯನೇ ಹೋಗಬೇಕು. ವಸಂತದ ಮೂರು ತಿಂಗಳು, ಏಪ್ರಿಲ್‌ನಿಂದ ಜೂನ್‌ವರೆಗೆ, ಟಿಮ್ ಸಾವಿರಾರು ಮೈಲು ಕಾರು ಓಡಿಸುತ್ತಿದ್ದರು. ಹೆಚ್ಚಿನ ದಿನಗಳಲ್ಲಿ ಮೋಡ ಕಟ್ಟಿ ಕರಗುತ್ತಿತ್ತು, ಬರಿಗೈಲಿ ಮರಳುತ್ತಿದ್ದರು. ಹೀಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ನಡೆಯಿತು.

ಮ್ಯಾಂಚೆಸ್ಟರ್‌ನ ಎಂಬತ್ತು ಚಿಲ್ಲರೆ ಸೆಕೆಂಡು

ಇಲ್ಲಿ ನಮ್ಮ ದಾರಿ ಸ್ವಲ್ಪ ಬದಲಾಗುತ್ತದೆ. ಓಕ್ಲಹೋಮದಿಂದ ಬಹಳ ಉತ್ತರಕ್ಕೆ ಸೌತ್ ಡಕೋಟ ರಾಜ್ಯವಿದೆ. ಅದರ ಪೂರ್ವಭಾಗದಲ್ಲಿ ಮ್ಯಾಂಚೆಸ್ಟರ್ ಎಂಬ ಹಳ್ಳಿಯಿತ್ತು. ಇತ್ತು ಎನ್ನಲು ಕಾರಣವಿದೆ. ಹಿಂದೆ ಅಂಗಡಿ, ಶಾಲೆ, ರೈಲು ಎಲ್ಲ ಇದ್ದ ಆ ಹಳ್ಳಿಯಲ್ಲಿ 2003ರ ಹೊತ್ತಿಗೆ ಬೆರಳೆಣಿಕೆಯ ಜನ ಮಾತ್ರ ಉಳಿದಿದ್ದರು. ಆ ವರ್ಷದ ಜೂನ್ 24ರ ಸಂಜೆ ಒಂದು ಭಾರೀ ಸುಂಟರಗಾಳಿ ಅದರ ಮೇಲೆ ಹಾದುಹೋಯಿತು.

ಟಿಮ್ ಆ ಗಾಳಿಯ ಎದುರಿನ ರಸ್ತೆಗೆ ಬಂದು, ಕಾರಿನಿಂದ ಇಳಿದು, ಆಮೆಯನ್ನು ನೆಲದಲ್ಲಿಟ್ಟು ಹೊರಟರು. ಒಂದೂವರೆ ನಿಮಿಷ ತುಂಬುವುದರೊಳಗೆ, ಸುಮಾರು 82 ಸೆಕೆಂಡುಗಳಲ್ಲಿ, ಗಾಳಿ ಅದರ ಮೇಲೆಯೇ ಹಾದುಹೋಯಿತು. ಹಳ್ಳಿಯ ಮನೆಗಳು ಬುಡಸಹಿತ ಎದ್ದುಹೋದವು. ಆಮೆ ಮಾತ್ರ ಕದಲದೆ ಕುಳಿತಿತ್ತು. ಒಳಗಿನ ಯಂತ್ರ ತೆಗೆದು ನೋಡಿದಾಗ ಗಾಳಿಯ ಒತ್ತಡ 100 ಮಿಲಿಬಾರ್ ಕುಸಿದಿತ್ತು. ಅಷ್ಟು ದೊಡ್ಡ ಕುಸಿತವನ್ನು ಅದುವರೆಗೆ ಯಾರೂ ಸುಂಟರಗಾಳಿಯಲ್ಲಿ ಅಳೆದಿರಲಿಲ್ಲ. ಅದು ಗಿನ್ನೆಸ್ ದಾಖಲೆಗೂ ಸೇರಿತು.

100 ಮಿಲಿಬಾರ್ ಎಂದರೆ ಏನು? ನೀವು ಮಂಗಳೂರಿನ ಕಡಲ ದಂಡೆಯಿಂದ ಬಸ್ಸು ಹತ್ತಿ, ಶಿರಾಡಿ ಘಾಟಿ ಏರಿ, ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರು ತಲುಪುವಾಗ ಗಾಳಿಯ ಒತ್ತಡ ಹತ್ತಿರ ಹತ್ತಿರ ಇಷ್ಟೇ ಇಳಿದಿರುತ್ತದೆ. ಘಟ್ಟ ಹತ್ತುವಾಗ ಕಿವಿ ‘ಗುಂಯ್’ ಎನ್ನುವುದು ಅದರಿಂದಲೇ. ನಮಗೆ ಏಳೆಂಟು ಗಂಟೆಗಳಲ್ಲಿ ಆಗುವ ಆ ಬದಲಾವಣೆ ಆ ಹಳ್ಳಿಯ ರಸ್ತೆಬದಿಯಲ್ಲಿ ಕೆಲವೇ ಸೆಕೆಂಡುಗಳಲ್ಲಿ ಆಗಿ ಮುಗಿಯಿತು.

ಸಂತೋಷದ ವಿಷಯವೆಂದರೆ ಮ್ಯಾಂಚೆಸ್ಟರ್‌ನಲ್ಲಿ ಯಾರೂ ಸಾಯಲಿಲ್ಲ. ಆದರೆ ಹಳ್ಳಿ ಮತ್ತೆ ಏಳಲಿಲ್ಲ. ಈಗ ಹೆದ್ದಾರಿಯ ಬದಿಯಲ್ಲಿ ಆ ಊರಿನ ಹೆಸರು ಹೊತ್ತ ಸ್ಮಾರಕದ ಕಲ್ಲು ಮಾತ್ರ ಇದೆ.

ಆ ಬಳಿಕ ಟಿಮ್ ಹೆಸರುವಾಸಿಯಾದರು. 2004ರಲ್ಲಿ ಕ್ಯಾಮೆರಾಗಳನ್ನು ಅಳವಡಿಸಿದ ಇನ್ನೊಂದು ಉಪಕರಣವನ್ನು ಅಯೋವಾ ರಾಜ್ಯದಲ್ಲಿ ಗಾಳಿಯ ದಾರಿಯಲ್ಲಿಟ್ಟು ಅದರೊಳಗಿನ ದೃಶ್ಯ ಪಡೆದರು. ನ್ಯಾಷನಲ್ ಜಿಯಾಗ್ರಫಿಕ್ ಸೊಸೈಟಿ ಅವರ ಸಂಶೋಧನೆಗೆ ಮತ್ತೆ ಮತ್ತೆ ಧನಸಹಾಯ ನೀಡಿತು. ಅವರು ‘ಟ್ವಿಸ್ಟೆಕ್ಸ್’ ಎಂಬ ತಂಡ ಕಟ್ಟಿದರು. ಲೇಕ್ ಟಾಹೋ ಎಂಬಲ್ಲಿಯ ಕಾಲೇಜಿನಲ್ಲಿ ಹವಾಮಾನಶಾಸ್ತ್ರ ಕಲಿಸುತ್ತಿದ್ದ ಕಾರ್ಲ್ ಯಂಗ್ ಅವರ ಬಲಗೈ. ಮಗ ಪಾಲ್ ಕ್ಯಾಮೆರಾ ಹಿಡಿದು ತಂದೆಯ ಜೊತೆ ಹೊರಡತೊಡಗಿದ. ಡಿಸ್ಕವರಿ ವಾಹಿನಿಯ ‘ಸ್ಟಾರ್ಮ್ ಚೇಸರ್ಸ್’ ಕಾರ್ಯಕ್ರಮದ ಮೂಲಕ ಅವರ ಮುಖ ಮನೆಮನೆಗೂ ಪರಿಚಯವಾಯಿತು. 2011ರಲ್ಲಿ ಆ ಕಾರ್ಯಕ್ರಮ ಮುಗಿಯಿತು. ಟಿಮ್ ತಮ್ಮ ಕೆಲಸ ಬಿಡಲಿಲ್ಲ.

ಬೆನ್ನಟ್ಟುವವರ ಬಳಗದಲ್ಲಿ ಅವರಿಗೆ ಒಂದು ಹೆಸರಿತ್ತು: ಎಚ್ಚರಿಕೆಯ ಮನುಷ್ಯ. ದುಡುಕದವರು, ಅಪಾಯ ಕಂಡರೆ ಹಿಂದೆ ಸರಿಯಲು ನಾಚದವರು. ಈ ಮಾತನ್ನು ನೆನಪಿಟ್ಟುಕೊಂಡು ಎಲ್ ರಿನೋಗೆ ಬನ್ನಿ.

ಎಲ್ ರಿನೋದ ಚೌಕದ ರಸ್ತೆಗಳು

ಓಕ್ಲಹೋಮ ನಗರದಿಂದ ಪಶ್ಚಿಮಕ್ಕೆ ಅರ್ಧ ಗಂಟೆಯ ದಾರಿ ಎಲ್ ರಿನೋ. ಚಿಕಾಗೋದಿಂದ ಕ್ಯಾಲಿಫೋರ್ನಿಯಾಕ್ಕೆ ಹೋಗುತ್ತಿದ್ದ ಪ್ರಸಿದ್ಧ ‘ರೂಟ್ 66’ ರಸ್ತೆ ಈ ಪಟ್ಟಣದ ಮೂಲಕ ಹಾದುಹೋಗುತ್ತದೆ. ಈರುಳ್ಳಿ ಬರ್ಗರ್ ಇಲ್ಲಿಯ ಹೆಸರುವಾಸಿ ತಿಂಡಿ. ಕಷ್ಟದ ಕಾಲದಲ್ಲಿ ಮಾಂಸ ದುಬಾರಿಯಾಗಿ ಈರುಳ್ಳಿ ಅಗ್ಗವಾಗಿದ್ದಾಗ, ತೆಳ್ಳಗೆ ಹೆಚ್ಚಿದ ಈರುಳ್ಳಿಯನ್ನು ಮಾಂಸದೊಳಗೆ ಒತ್ತಿ ಬೇಯಿಸಿ ತಟ್ಟೆ ತುಂಬಿಸುತ್ತಿದ್ದರು. ಇದ್ದುದರಲ್ಲಿ ಎಲ್ಲರ ಹೊಟ್ಟೆ ತುಂಬಿಸುವ ಈ ಉಪಾಯ ಯಾವ ದೇಶದ ಅಡುಗೆಮನೆಗೂ ಹೊಸದಲ್ಲ.

ಪಟ್ಟಣದ ಹೊರಗೆ ಹೊಲಗಳ ನಡುವೆ ರಸ್ತೆಗಳು ಚೌಕಟ್ಟಿನ ನೋಟ್‌ಬುಕ್ಕಿನ ಗೆರೆಗಳಂತಿವೆ. ಒಂದೊಂದು ಮೈಲಿಗೆ ಒಂದು ಉತ್ತರ-ದಕ್ಷಿಣ ರಸ್ತೆ, ಒಂದು ಪೂರ್ವ-ಪಶ್ಚಿಮ ರಸ್ತೆ. ಹಲವು ಜಲ್ಲಿಕಲ್ಲಿನವು. ಗಾಳಿಯ ಬೆನ್ನಟ್ಟುವವರಿಗೆ ಇದು ಅನುಕೂಲ. ಆದರೆ ಇದರಲ್ಲೊಂದು ತೊಡಕೂ ಇದೆ. ಗಾಳಿ ಕರ್ಣರೇಖೆಯಲ್ಲಿ, ಅಂದರೆ ಮೂಲೆಯಿಂದ ಮೂಲೆಗೆ, ಹೊಲದ ಮೇಲೆಯೇ ಸಾಗಬಲ್ಲದು. ಕಾರು ಚೌಕದ ಎರಡು ಬದಿ ಸುತ್ತಿಕೊಂಡು ಹೋಗಬೇಕು.

2013ರ ಮೇ 31, ಶುಕ್ರವಾರ. ಮೂರ್‌ನ ದುರಂತವಾಗಿ ಹನ್ನೊಂದೇ ದಿನ. ಜನರ ಎದೆಯಲ್ಲಿ ಇನ್ನೂ ನಡುಕವಿತ್ತು. ಸಂಜೆ 6 ಗಂಟೆ 3 ನಿಮಿಷಕ್ಕೆ ಎಲ್ ರಿನೋದ ನೈಋತ್ಯಕ್ಕೆ ಸುಂಟರಗಾಳಿ ನೆಲ ಮುಟ್ಟಿತು. ಮೊದಲು ಆಗ್ನೇಯದ ಕಡೆಗೆ ಸಾಗಿತು. ಬಳಿಕ ಪೂರ್ವಕ್ಕೆ ತಿರುಗಿತು. ಆಮೇಲೆ ಒಮ್ಮೆಲೇ ಈಶಾನ್ಯಕ್ಕೆ ಹೊರಳಿ ವೇಗ ಹೆಚ್ಚಿಸಿಕೊಂಡಿತು. ಜೊತೆಗೇ ಹಿಗ್ಗುತ್ತಾ ಹೋಗಿ 4.2 ಕಿಲೋಮೀಟರ್ ಅಗಲವಾಯಿತು. ಅಳತೆಗೆ ಸಿಕ್ಕ ಸುಂಟರಗಾಳಿಗಳಲ್ಲಿ ಅದೇ ಅತ್ಯಂತ ಅಗಲವಾದುದು. ಸಂಚಾರಿ ರಾಡಾರ್ ಅದರೊಳಗೆ ಗಂಟೆಗೆ 480 ಕಿಲೋಮೀಟರಿಗೂ ಹೆಚ್ಚಿನ ವೇಗವನ್ನು ಗುರುತಿಸಿತು. ಮಳೆ ಸುತ್ತುವರಿದುದರಿಂದ ಅದರ ಅಂಚು ಎಲ್ಲಿದೆ ಎಂದು ಕಣ್ಣಿಗೆ ಕಾಣುತ್ತಿರಲಿಲ್ಲ. ದೊಡ್ಡ ಸುತ್ತಿನೊಳಗೆ ಚಿಕ್ಕ ಚಿಕ್ಕ ಒಳಸುಳಿಗಳು ಇನ್ನಷ್ಟು ವೇಗದಲ್ಲಿ ಓಡುತ್ತಿದ್ದವು.

ಟಿಮ್, ಪಾಲ್, ಕಾರ್ಲ್ ಮೂವರೂ ಒಂದು ಬಿಳಿಯ ಶೆವ್ರೊಲೆ ಕೋಬಾಲ್ಟ್ ಕಾರಿನಲ್ಲಿದ್ದರು. ಅದು ಪೇಟೆಗೆ ಹೋಗಿಬರುವ ಸಣ್ಣ ಕಾರು, ಭಾರೀ ಗಾಳಿಗೆ ಹೇಳಿಸಿದ್ದಲ್ಲ. ರೂಟರ್ ರೋಡ್ ಎಂಬ ಜಲ್ಲಿ ರಸ್ತೆಯಲ್ಲಿ ಅವರು ಪೂರ್ವಕ್ಕೆ ಸಾಗುತ್ತಿದ್ದರು. ಎದುರುಗಾಳಿ ಕಾರನ್ನು ತಡೆಯುತ್ತಿತ್ತು, ಹಿಂದಿನಿಂದ ಸುಂಟರಗಾಳಿ ಕರ್ಣರೇಖೆಯಲ್ಲಿ ಅವರ ಕಡೆಗೇ ಬರುತ್ತಿತ್ತು. 6 ಗಂಟೆ 23 ನಿಮಿಷದ ಸುಮಾರಿಗೆ, ರೇಡಿಯೋ ರೋಡ್ ಎಂಬ ಅಡ್ಡರಸ್ತೆಯ ಹತ್ತಿರ, ಒಂದು ಒಳಸುಳಿ ಅವರನ್ನು ಹಿಡಿಯಿತು. ಕಾರು ಆಮೇಲೆ ಹೊಲವೊಂದರಲ್ಲಿ ಗುರುತು ಸಿಗದಷ್ಟು ಜಜ್ಜಿಹೋಗಿ ಬಿದ್ದಿತ್ತು. ಟಿಮ್ ತಮ್ಮ ಸೀಟಿನಲ್ಲಿ ಬೆಲ್ಟು ಬಿಗಿದುಕೊಂಡಂತೆಯೇ ಇದ್ದರು.

ಆ ದಿನ ಗಾಳಿಗೆ ಸಿಕ್ಕಿ ಎಂಟು ಮಂದಿ ಸತ್ತರು. ಎಂಟೂ ಮಂದಿ ವಾಹನಗಳಲ್ಲಿದ್ದವರು. ದೂರದರ್ಶನ ವಾಹಿನಿಯೊಂದರ ಕಾರೂ ಉರುಳಿತು, ಒಳಗಿದ್ದವರು ಗಾಯಗೊಂಡು ಬದುಕಿದರು. ಮೂರ್‌ನ ನೆನಪು ಹಸಿಯಾಗಿದ್ದುದರಿಂದ ಸಾವಿರಾರು ಮಂದಿ ಮನೆ ಬಿಟ್ಟು ಕಾರು ಹತ್ತಿ ಓಡಲು ಹೊರಟಿದ್ದರು. ಹೆದ್ದಾರಿಗಳು ಕಿಕ್ಕಿರಿದು ನಿಂತವು. ಅಷ್ಟು ಅಗಲದ ಗಾಳಿ ಇನ್ನೂ ಸ್ವಲ್ಪ ಮುಂದೆ ಸಾಗಿ ಆ ವಾಹನಗಳ ಸಾಲಿನ ಮೇಲೆ ಬಂದಿದ್ದರೆ ಸತ್ತವರ ಲೆಕ್ಕ ಎಷ್ಟಾಗುತ್ತಿತ್ತೋ! 6 ಗಂಟೆ 43 ನಿಮಿಷಕ್ಕೆ ಅದು ಕರಗಿಹೋಯಿತು. ಅದೇ ರಾತ್ರಿಯ ನೆರೆಗೆ ಓಕ್ಲಹೋಮ ನಗರದಲ್ಲಿ ಇನ್ನೂ ಹಲವರು ಬಲಿಯಾದರು.

ಇದು ಬೇಕಿತ್ತೇ?

ಸಹೋದರಿಯರೇ, ನಿಮ್ಮಲ್ಲಿ ಹಲವರ ಮನಸ್ಸಿನಲ್ಲಿ ಈ ಪ್ರಶ್ನೆ ಎದ್ದಿರಬಹುದು. ಮನೆಯಲ್ಲಿ ಪತ್ನಿ, ಹೆಣ್ಣುಮಕ್ಕಳು ಕಾದಿದ್ದರು. ಒಂದೇ ಸಂಜೆ ಪತಿಯನ್ನೂ ಮಗನನ್ನೂ ಕಳೆದುಕೊಂಡ ಆ ಹೆಣ್ಣಿನ ಸ್ಥಿತಿಯನ್ನು ನೆನೆದರೆ, ಸಾಹಸವೆಂಬ ಪದವೇ ಬಾಯಿಗೆ ಬರುವುದಿಲ್ಲ. ತಂದೆಯ ಹಿಂದೆ ಹೊರಟ ಮಗನಿಗೆ ಮುಂದೆ ಇಡೀ ಬದುಕಿತ್ತು.

ಅದೇ ಹೊತ್ತಿಗೆ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಸಮುದ್ರಕ್ಕಿಳಿಯುವ ಮೀನುಗಾರ, ಬೆಂಕಿಗೆ ನುಗ್ಗುವ ಅಗ್ನಿಶಾಮಕದವನು, ಸಾಂಕ್ರಾಮಿಕ ರೋಗದ ನಡುವೆ ವಾರ್ಡಿಗೆ ಹೋಗುವ ನರ್ಸ್, ಇವರ ಮನೆಯವರೂ ಬಾಗಿಲಲ್ಲಿ ನಿಂತು ಕಾಯುತ್ತಾರೆ. ಯಾರಾದರೂ ಹೋಗಲೇಬೇಕಾದ ಕೆಲಸಗಳು ಕೆಲವು ಇವೆ. ಟಿಮ್ ಅವರ ಕೆಲಸ ಅಂಥದ್ದೇ ಆಗಿತ್ತೇ? ನನಗೆ ತಿಳಿದಮಟ್ಟಿಗೆ ಅದರ ಉತ್ತರ ಎರಡು ಭಾಗದಲ್ಲಿದೆ. ಮ್ಯಾಂಚೆಸ್ಟರ್‌ನಲ್ಲಿ ಅವರು ಪಡೆದ ಲೆಕ್ಕ ಬೇರೆ ಯಾವ ದಾರಿಯಿಂದಲೂ ಸಿಗುತ್ತಿರಲಿಲ್ಲ. ನೆಲದ ಮಟ್ಟದ ಅಂಥ ಅಳತೆಗಳು ಮನೆ ಕಟ್ಟುವವರಿಗೂ ಬೇಕು, ಮುನ್ಸೂಚನೆ ನೀಡುವವರಿಗೂ ಬೇಕು. ಇದು ಒಂದು ಭಾಗ. ಆದರೆ ಅವರಷ್ಟು ಎಚ್ಚರಿಕೆಯ ಮನುಷ್ಯನೂ, ಅಷ್ಟು ವರ್ಷದ ಅನುಭವವಿದ್ದೂ, ಗಾಳಿಯ ಒಂದು ಹೊರಳನ್ನು ಮೊದಲೇ ಅರಿಯಲಾಗಲಿಲ್ಲ. ಇದು ಇನ್ನೊಂದು ಭಾಗ. ಅವರನ್ನು ನೋಡಿ ಮೋಜಿಗಾಗಿ ಕ್ಯಾಮೆರಾ ಹಿಡಿದು ಹೊರಡುವ ಯುವಕರು ಈ ಎರಡನೆಯ ಭಾಗವನ್ನು ಓದಬೇಕು.

ಅವರ ಸಾವಿನ ಬಳಿಕ ಆ ಗಾಳಿಯ ಅಧ್ಯಯನ ನಿಲ್ಲಲಿಲ್ಲ. ಟಿಮ್ ಅವರ ಸ್ನೇಹಿತರಾಗಿದ್ದ ಆಂಟನ್ ಸೀಮನ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಆ ಸಂಜೆ ಬೇರೆ ಬೇರೆ ಜನ ತೆಗೆದ ವೀಡಿಯೊಗಳನ್ನೆಲ್ಲ ಕೇಳಿ ಪಡೆದು, ಮಿಂಚಿನ ಬೆಳಕನ್ನು ಗುರುತಾಗಿಟ್ಟುಕೊಂಡು ಒಂದಕ್ಕೊಂದು ಹೊಂದಿಸಿದರು. ಸೆಕೆಂಡು ಸೆಕೆಂಡಿಗೂ ಗಾಳಿ ಎಲ್ಲಿತ್ತು ಎಂದು ತಿಳಿಯಿತು. ಈ ವೀಡಿಯೊಗಳನ್ನೂ ವೇಗದ ರಾಡಾರಿನ ದಾಖಲೆಯನ್ನೂ ಹೋಲಿಸಿ 2018ರಲ್ಲಿ ವಿಜ್ಞಾನಿ ಜಾನಾ ಹೌಸರ್ ಒಂದು ಹೊಸ ವಿಷಯ ಮುಂದಿಟ್ಟರು. ಸುಂಟರಗಾಳಿ ಮೋಡದಿಂದ ಕೆಳಗಿಳಿದು ಬರುತ್ತದೆ ಎಂದು ಬಹುಕಾಲ ನಂಬಲಾಗಿತ್ತು. ಎಲ್ ರಿನೋದಲ್ಲಿ ಮಾತ್ರ ಸುತ್ತುವಿಕೆ ಮೊದಲು ನೆಲದ ಹತ್ತಿರವೇ ಕಾಣಿಸಿಕೊಂಡಿತ್ತು. ನೆಲದ ಹತ್ತಿರ ಏನಾಗುತ್ತದೆ ಎಂಬುದೇ ಮುಖ್ಯವೆಂದು ಟಿಮ್ ಜೀವಮಾನವಿಡೀ ಹಿಡಿದ ಹಟಕ್ಕೆ ಅವರ ಕೊನೆಯ ಗಾಳಿಯೇ ಪುಷ್ಟಿ ಕೊಟ್ಟಿತು.

ಸುಂಟರಗಾಳಿ ನಮಗೆ ಸಂಬಂಧವಿಲ್ಲದ ಸಂಗತಿ ಎಂದು ತಿಳಿಯಬೇಡಿ. ದಾಖಲೆಯಲ್ಲಿರುವ ಅತ್ಯಂತ ಘೋರ ಸುಂಟರಗಾಳಿ ಬೀಸಿದ್ದು ಅಮೆರಿಕದಲ್ಲಲ್ಲ, ನಮ್ಮ ನೆರೆಯ ಬಾಂಗ್ಲಾದೇಶದಲ್ಲಿ. 1989ರ ಏಪ್ರಿಲ್ 26ರಂದು ಮಾಣಿಕ್‌ಗಂಜ್ ಜಿಲ್ಲೆಯ ದೌಲತ್‌ಪುರ, ಸಾಟುರಿಯಾ ಪ್ರದೇಶದಲ್ಲಿ ಸುಮಾರು 1,300 ಮಂದಿ ಸತ್ತರು, 12,000 ಮಂದಿ ಗಾಯಗೊಂಡರು, ಸುಮಾರು 80,000 ಮಂದಿ ಮನೆ ಕಳೆದುಕೊಂಡರು. ಅದು ರಂಜಾನ್ ತಿಂಗಳ ಸಂಜೆ. ತಿಂಗಳುಗಟ್ಟಲೆ ಮಳೆ ಕಾಣದೆ ಬಾಯಾರಿದ್ದ ನೆಲ ಅದು. ಅಲ್ಲಿಯ ತಗಡಿನ ಮನೆಗಳ ತಾಯಂದಿರಿಗೆ ಮೂರ್‌ನ ತಾಯಂದಿರಿಗೆ ಸಿಕ್ಕಂಥ ಸೈರನ್ನಾಗಲಿ, ಟಿ.ವಿ. ಎಚ್ಚರಿಕೆಯಾಗಲಿ ಇರಲಿಲ್ಲ. ಒಂದು ಕಡೆ ಬಲಿಷ್ಠವಾದ ಗಾಳಿಗೆ 24 ಮಂದಿ, ಇನ್ನೊಂದು ಕಡೆ 1,300 ಮಂದಿ. ಅರಿವು, ಎಚ್ಚರಿಕೆ, ಗಟ್ಟಿಯಾದ ಗೋಡೆ, ಇವೆಲ್ಲ ಸೇರಿ ಎಷ್ಟು ಜೀವ ಉಳಿಸುತ್ತವೆ ಎಂಬುದು ಈ ಲೆಕ್ಕದಲ್ಲಿ ಕಾಣುತ್ತದೆ.

ಭೂಪಟದ ಮೇಲಿನ ಚುಕ್ಕಿಗಳು

ಬಿರುಗಾಳಿಯ ಬೆನ್ನಟ್ಟುವವರು ತಾವು ಎಲ್ಲಿದ್ದೇವೆಂದು ತಿಳಿಸಲು ಒಂದು ಏರ್ಪಾಡು ಮಾಡಿಕೊಂಡಿದ್ದಾರೆ. ಭೂಪಟದ ಮೇಲೆ ಒಬ್ಬೊಬ್ಬರೂ ಒಂದೊಂದು ಚುಕ್ಕಿಯಾಗಿ ಕಾಣುತ್ತಾರೆ. 2013ರ ಜೂನ್ 2ರಂದು ಆ ಭೂಪಟ ನೋಡಿದವರಿಗೆ ಓಕ್ಲಹೋಮದ ಸುತ್ತಮುತ್ತ ವಿಚಿತ್ರವಾದ ಒಂದು ದೃಶ್ಯ ಕಂಡಿತು. ನೂರಾರು ಚುಕ್ಕಿಗಳು ಸಾಲಾಗಿ ನಿಂತು ಮೂರು ಹೆಸರುಗಳ ಮೊದಲಕ್ಷರಗಳನ್ನು ಬರೆದಿದ್ದವು. ಟಿಮ್ ಸಮರಾಸ್, ಪಾಲ್ ಸಮರಾಸ್, ಕಾರ್ಲ್ ಯಂಗ್. ಅಪಘಾತ ನಡೆದ ರಸ್ತೆಬದಿಯಲ್ಲಿಯೂ ಬಳಿಕ ಅವರಿಗೆ ಸ್ಮಾರಕ ನಿಲ್ಲಿಸಿದರು.

ನಿಮ್ಮ ಬಂಧುಗಳಲ್ಲಿ ಯಾರಾದರೂ ಆ ಕಡೆ ವಾಸವಾಗಿದ್ದರೆ ಈ ಎರಡು ಮಾತು ಅವರಿಗೆ ತಿಳಿಸಿ. ಸೈರನ್ ಕೇಳಿದರೆ ಕಾರು ಹತ್ತಿ ಓಡಬಾರದು. ನೆಲಮಾಳಿಗೆ ಇದ್ದರೆ ಅಲ್ಲಿ, ಇಲ್ಲದಿದ್ದರೆ ಮನೆಯ ಕೆಳಗಿನ ಅಂತಸ್ತಿನ ನಡುವಿನ, ಕಿಟಕಿ ಇಲ್ಲದ ಕೋಣೆಯಲ್ಲಿ ತಲೆಗೆ ದಿಂಬೋ ಹಾಸಿಗೆಯೋ ಅಡ್ಡವಿಟ್ಟು ಕುಳಿತಿರಬೇಕು. ಓಕ್ಲಹೋಮ ನಗರದ ಕಡೆ ಪ್ರತಿ ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಸೈರನ್ ಮೊಳಗಿಸಿ ಪರೀಕ್ಷಿಸುವ ರೂಢಿಯಿದೆ, ಆಕಾಶ ತಿಳಿಯಾಗಿದ್ದರೆ ಹೊಸಬರು ಅದಕ್ಕೆ ಬೆಚ್ಚಬೇಕಾಗಿಲ್ಲ. ಬೇರೆ ಹೊತ್ತಿನಲ್ಲಿ ಅದು ಮೊಳಗಿದರೆ, ಒಲೆ ಆರಿಸಿ, ಮಕ್ಕಳ ಕೈ ಹಿಡಿದು ಒಳಗಿನ ಕೋಣೆಗೆ ನಡೆಯಬೇಕು. ಕೈಯಲ್ಲಿರುವ ಆ ಹತ್ತು ಹನ್ನೆರಡು ನಿಮಿಷವನ್ನು ಇನ್ನೂ ಸ್ವಲ್ಪ ಹೆಚ್ಚಿಸಲೆಂದೇ ಟಿಮ್ ಸಮರಾಸ್ ಪ್ರತಿ ವಸಂತದಲ್ಲಿಯೂ ಮನೆ ಬಿಟ್ಟು ಹೊರಡುತ್ತಿದ್ದರು.